ಮೋಟನ ಪಾಲು

ಹತ್ತಿರ ಬನ್ನಿ. ಮಧ್ಯೆ ಬಾಯಿ ಹಾಕಬೇಡಿ.

ಒಂದು ರಾಜ್ಯದಲ್ಲಿ ಒಂದು ಕಲ್ಲುಗುಡ್ಡ ಇತ್ತು. ಗುಡ್ಡದ ಕೆಳಗೆ ಹೊನ್ನವ್ವ ಎಂಬ ಮುದುಕಿಯ ಕುರಿಹಟ್ಟಿ. ಹಟ್ಟಿ ಕಾಯಲು ಮೋಟ ಎಂಬ ನಾಯಿ. ಗುಡ್ಡದ ಮೇಲೆ ಒಂದು ಮುದಿ ತೋಳ.

ನಾಯಿಗೂ ತೋಳಕ್ಕೂ ಹುಟ್ಟುಹಗೆ. ಹೊತ್ತು ಮುಳುಗುತ್ತಲೇ ತೋಳ ಊಳಿಡುತ್ತಿತ್ತು. "ಬರಲೇನೋ, ಮೋಟ?"

ಮೋಟ ಬೊಗಳುತ್ತಿದ್ದ. "ಬಾರೋ, ಬೊಚ್ಚುಬಾಯಿ! ಉಳಿದ ಹಲ್ಲೂ ಉದುರಿಸ್ತೀನಿ!"

ಈ ಬೈಗುಳದ ಹೊತ್ತಿಗೇ ಹೊನ್ನವ್ವ ಒಲೆ ಹಚ್ಚುತ್ತಿದ್ದಳು. ಮೊದಲ ರೊಟ್ಟಿ ಮೋಟನಿಗೆ.

ಕುರಿಗಾರರಲ್ಲಿ ಒಂದು ಕಟ್ಟಳೆ. ಬೇಲಿಯ ಒಳಗೆ ಬಿದ್ದದ್ದು ನಾಯಿಯ ಪಾಲು, ಹೊರಗೆ ಬಿದ್ದದ್ದು ತೋಳದ ಪಾಲು. ಸತ್ತ ಕುರಿಯನ್ನು ಹೊರಗಿನ ಬಂಡೆಯ ಮೇಲೆ ಇಡುತ್ತಿದ್ದರು. ಮೋಟ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಒಮ್ಮೆ ರಾಜ ಡಂಗುರ ಹೊಡೆಸಿದ. ತೋಳದ ಕಾಟ ನಿಲ್ಲಿಸಿದವರಿಗೆ ಚಿನ್ನದ ಕಡಗ. ಆದರೆ ವಿಷ ಇಟ್ಟವರಿಗೆ ಗಡಿಪಾರು.

ರಾಜನ ಪರವಾಗಿ ನಾಡಿನ ಕುರಿಗಳನ್ನು ನೋಡಿಕೊಳ್ಳುವ ಪಾರುಪತ್ಯಗಾರ ತಿಪ್ಪರಸ. ಅವನಿಗೆ ಈಟಿ ಹಿಡಿಯುವ ಧೈರ್ಯವಿಲ್ಲ, ಕಡಗ ಬಿಡುವ ಮನಸ್ಸೂ ಇಲ್ಲ. ಒಂದು ಚೀಲ ಬಿಳಿ ಪುಡಿ ತಂದ. ಬಂಡೆಯ ಮೇಲಿದ್ದ ಸತ್ತ ಕುರಿಗೆ ಸವರಿದ.

"ಏನಪ್ಪಾ ಅದು?" ಹೊನ್ನವ್ವ ಕೇಳಿದಳು.

"ಉಪ್ಪು, ಮುದುಕಿ. ಮಾಂಸ ಕೆಡಬಾರದು ಅಂತ."

"ತೋಳಕ್ಕೆ ಉಪ್ಪು ಕಮ್ಮಿ ಆಯ್ತು ಅಂತ ಯಾರು ಹೇಳಿದ್ರು?"

ತಿಪ್ಪರಸ ಕುದುರೆ ಹತ್ತಿ ಹೋದ.

ಮುದಿ ತೋಳ ಮೂಸಿ ನೋಡಿ ಬಿಟ್ಟುಹೋಯಿತು. ಮೊದಲ ದಿನ ನರಿ ಸತ್ತಿತು. ತಿಪ್ಪರಸ, "ನರಿ ತಾನೇ? ಹೋಗಲಿ" ಅಂದ.

ಎರಡನೆಯ ದಿನ ಹದ್ದು ಸತ್ತಿತು. "ಹದ್ದು ತಾನೇ? ಹೋಗಲಿ" ಅಂದ.

ಮೂರನೆಯ ದಿನ ಒಂದು ಕಾಗೆ ಮಾಂಸದ ಚೂರು ಕಚ್ಚಿ ಹಾರಿತು. ಹಟ್ಟಿಯ ಮೇಲೆ ಬರುವಾಗ ತೂರಾಡಿತು. ಚೂರು ಬೇಲಿಯ ಒಳಗೆ ಬಿತ್ತು. ಒಳಗೆ ಬಿದ್ದದ್ದು ನಾಯಿಯ ಪಾಲು. ಮೋಟ ಕಟ್ಟಳೆ ಮೀರಿದವನಲ್ಲ. ತಿಂದ.

ಹೊನ್ನವ್ವನ ಪಾದದ ಮೇಲೆ ತಲೆಯಿಟ್ಟು ಸತ್ತ.

"ನಾಯಿ ತಾನೇ?" ಅಂದ ತಿಪ್ಪರಸ. "ಇನ್ನೊಂದು ಮರಿ ತಂದುಕೋ. ಆ ತೋಳ ಇನ್ನೂ ಸತ್ತಿಲ್ಲ. ನಾಳೆ ಕೆರೆ ದಂಡೆಯಲ್ಲಿ ಇಡ್ತೀನಿ."

ಕೆರೆಯ ನೀರನ್ನು ನಾಡಿನ ಕುರಿಗಳೆಲ್ಲ ಕುಡಿಯುತ್ತಿದ್ದವು.

ಅಂದು ಸಂಜೆ ತೋಳ ಊಳಿಟ್ಟಿತು. ಉತ್ತರವಿಲ್ಲ. ಮತ್ತೆ ಊಳಿಟ್ಟಿತು. ಇಲ್ಲ. ಮೂರನೆಯ ಸಲವೂ ಇಲ್ಲ. ಗುಡ್ಡ ಇಳಿದು ಬೇಲಿಯ ಹತ್ತಿರ ಬಂತು.

"ಮೋಟ ಎಲ್ಲವ್ವಾ?"

"ಮಣ್ಣಲ್ಲಿ."

ತೋಳ ಕುಳಿತುಕೊಂಡಿತು. ಕುರಿಗಳ ಕಡೆ ನೋಡಲೂ ಇಲ್ಲ.

"ಇನ್ನು ನಾನು ಯಾರನ್ನ ಬೈಯಲಿ?"

ಹೊನ್ನವ್ವನ ಕೈಯಲ್ಲಿ ರೊಟ್ಟಿ ಇತ್ತು. ಮೋಟನಿಗೆಂದು ಅಭ್ಯಾಸಕ್ಕೆ ಬಡಿದಿದ್ದಳು. ಆರಿ ಹೋಗಿತ್ತು.

ಬೆಳಗಾಗುತ್ತಲೇ ಅವಳು ಅರಮನೆಗೆ ಹೋಗಿ ರಾಜನಿಗೆ ಎಲ್ಲ ಹೇಳಿದಳು. ರಾಜನೇ ಕೆರೆ ದಂಡೆಗೆ ಬಂದ. ತಿಪ್ಪರಸ ಅಲ್ಲೇ ಸಿಕ್ಕ. ಜೊತೆಗೆ ಅವನ ಕುದುರೆ ಚಂದ್ರಿ, ಜೀನಿನಲ್ಲಿ ಚೀಲ.

"ಏನಯ್ಯಾ ಅದು?" ರಾಜ ಕೇಳಿದ.

"ಉಪ್ಪು, ಪ್ರಭು."

"ನಿಜವಾಗಿ?"

"ಉಪ್ಪೇ."

"ಆಣೆ ಇಡ್ತೀಯಾ?"

"ನನ್ನ ಕಣ್ಣಾಣೆ, ಬರೀ ಉಪ್ಪು."

ಹೊನ್ನವ್ವ ಮುಂದೆ ಬಂದಳು. "ಹಾಗಾದ್ರೆ ನನ್ನದೇ ತಪ್ಪು, ದೊರೆಯೇ. ಮುದುಕಿ ಕಣ್ಣು. ಪಾಪ, ಕುದುರೆ ಬೆವರಿ ಬಂದಿದೆ. ಒಂದು ಹಿಡಿ ಉಪ್ಪು ನೆಕ್ಕಲಿ."

ಚೀಲ ತೆಗೆದುಕೊಂಡಳು. ಬೆನ್ನು ತಿರುಗಿಸಿ ಗಂಟಿಗೆ ಕೈ ಹಾಕಿದಳು. ಚಂದ್ರಿ ಕತ್ತು ಚಾಚಿತು. ಹುಟ್ಟುತ್ತಲೇ ತಾಯಿ ಸತ್ತ ಮರಿ ಅದು. ತಿಪ್ಪರಸನೇ ಬಟ್ಟೆಯಲ್ಲಿ ಹಾಲು ಅದ್ದಿ ಕುಡಿಸಿ ಬೆಳೆಸಿದ್ದ.

"ಬೇಡ! ಚಂದ್ರೀ, ಬೇಡ!" ಅಂತ ಅಡ್ಡ ಬಿದ್ದ. ಅದರ ಕತ್ತು ತಬ್ಬಿಕೊಂಡು ಅತ್ತ.

ಹೊನ್ನವ್ವ ಕೇಳಿದಳು, "ಕುದುರೆ ತಾನೇ?"

ತಿಪ್ಪರಸ ಕುದುರೆಯನ್ನು ಚೀಲದಿಂದ ದೂರ ಎಳೆದ.

ಅವಳು ಚೀಲವನ್ನು ರಾಜನ ಕೈಗೆ ಕೊಟ್ಟಳು. ಗಂಟು ಇನ್ನೂ ಬಿಗಿಯಾಗಿಯೇ ಇತ್ತು. ಅವಳು ಬಿಚ್ಚಿರಲೇ ಇಲ್ಲ.

"ಇವನಿಗೆ ಗಡಿಪಾರು" ಅಂದ ರಾಜ.

"ಬೇಡ, ದೊರೆಯೇ. ಇಲ್ಲಿ ಕೊಂದವನು ಅಲ್ಲಿ ಹೋಗಿ ಕೊಲ್ತಾನೆ. ನನ್ನ ಹಟ್ಟಿ ಬಾಗಿಲಲ್ಲಿ ಮೋಟನ ಜಾಗ ಖಾಲಿ ಇದೆ. ಅಲ್ಲಿ ಕೂರಲಿ."

ರಾಜ ಆಗಲಿ ಅಂದ.

ಸಂಜೆ ತಿಪ್ಪರಸ ಹಟ್ಟಿ ಬಾಗಿಲಲ್ಲಿ ಕೂತ. ತೋಳ ಊಳಿಟ್ಟಿತು. ತಿಪ್ಪರಸ ಗಂಟಲು ಸರಿಮಾಡಿಕೊಂಡು, "ಬೌ" ಅಂದ.

ತೋಳ ಕಿವಿಗೊಟ್ಟು ಕೇಳಿತು. "ಇವನಲ್ಲ" ಅಂದಿತು. ಗುಡ್ಡ ಹತ್ತಿ ಹೋಯಿತು.

ಇಂದಿಗೂ ತೋಳ ಊಳಿಟ್ಟರೆ ನಡುವೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಉಸಿರು ಎಳೆದುಕೊಳ್ಳಲು ಅಲ್ಲ. ಉತ್ತರಕ್ಕೆ ಕಾಯುತ್ತದೆ.

ವಿಷಕ್ಕೆ ಬೇಲಿ ಗೊತ್ತಿಲ್ಲ. ಹಗೆಗೆ ಇಟ್ಟದ್ದು ಮನೆಯವರನ್ನೇ ತಿನ್ನುತ್ತದೆ. ಇಡಬೇಡಿ.

ಅಷ್ಟೇ. ಏಳಿ, ನಾಯಿಗೆ ರೊಟ್ಟಿ ಹಾಕಿ.