ನೀಲವ್ವನ ಮಣಿ, ವೈರಾಣುವಿನ ಅವಸರ

ಕಣ್ಣಿಗೆ ಕಾಣದಷ್ಟು ಸಣ್ಣದರಲ್ಲೂ ಇರುವ ಶಿವನೇ, ನಿನಗೆ ಶರಣು. ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ.

ಗಂಗಿ ಅಂತ ಒಂದು ಮಗು. ಅವಳ ಗಂಟಲಲ್ಲಿ ಒಂದು ಗಾಯ. ಗಾಯದ ಪಕ್ಕ ಒಂದು ಪುಟಾಣಿ ಜೀವಕೋಶ. ಅದೇ ನೀಲವ್ವ ಎಂಬ ಮುದುಕಿಯ ಮನೆ.

ಆ ಮನೆಯಲ್ಲಿ ಡಿಎನ್‌ಎ ಎಂಬ ಉದ್ದನೆಯ ಮಣಿಸರ. ಅದನ್ನು ನೋಡಿ ಅಂಥದೇ ಇನ್ನೊಂದು ಪೋಣಿಸುವುದು ನೀಲವ್ವನ ಕೆಲಸ. ಸರ ಎರಡಾದರೆ ಮನೆ ಎರಡು. ಮನೆ ಎರಡಾದರೆ ಗಾಯ ಮುಚ್ಚುತ್ತದೆ.

ಒಂದು ಮಣಿ ಪೋಣಿಸುವಳು. "ಶಿವಾ" ಅನ್ನುವಳು. ತಿರುಗಿ ಮುಟ್ಟಿ ನೋಡುವಳು.

ಒಂದು ದಿನ ಕೈ ಚಾಚಿದಳು. ಮಣಿಯೇ ಇಲ್ಲ!

ಮಣಿ ಕಾಯುವ ಭರಮಣ್ಣನ ಹತ್ತಿರ ಹೋದಳು.

"ಭರಮಣ್ಣಾ, ಭರಮಣ್ಣಾ, ಮಣಿ ಕೊಡು. ಗಂಗಿಗೆ ಗುಟುಕು ಗಂಜಿ ಇಳೀವಲ್ದು."

"ಹ್ಯಾಂಗ ಕೊಡ್ಲಿ ಯವ್ವಾ? ಪೆಟ್ಟಿಗೆ ತೆರೀವಲ್ದು."

ಪೆಟ್ಟಿಗೆಯ ಹತ್ತಿರ ಹೋದಳು.

"ಪೆಟ್ಟಿಗೆ, ಪೆಟ್ಟಿಗೆ, ಬಾಯಿ ತೆರಿ. ನೀ ತೆರೆದರ ಭರಮಣ್ಣ ಮಣಿ ಕೊಡ್ತಾನ."

"ಹ್ಯಾಂಗ ತೆರೀಲಿ? ಅಗುಳಿ ಬಿಡವಲ್ದು."

ಅಗುಳಿಯ ಹತ್ತಿರ ಹೋದಳು.

"ಅಗುಳಿ, ಅಗುಳಿ, ಅತ್ತ ಸರಿ. ನೀ ಸರಿದರ ಪೆಟ್ಟಿಗೆ ತೆರೀತೈತಿ. ಪೆಟ್ಟಿಗೆ ತೆರೆದರ ಭರಮಣ್ಣ ಮಣಿ ಕೊಡ್ತಾನ."

"ಹ್ಯಾಂಗ ಸರೀಲಿ? ವೈರಾಣು ಮಾಡಿದ ಅಗುಳಿ ನಾನು. ಅದರ ಸರ ಹ್ಯಾಂಗೋ ನಾನು ಹಾಂಗ."

ವೈರಾಣು ಯಾರು? ಕರೆಯದೆ ಬಂದ ನೆಂಟ. ಮೂಲೆಯಲ್ಲಿ ಕೂತು, ನೀಲವ್ವನ ಮಣಿಗಳನ್ನೇ ಕದ್ದು ಗಡಬಡ ತನ್ನ ಸರ ಪೋಣಿಸುತ್ತಿತ್ತು. ಉಳಿದ ಮಣಿ ಅವಳಿಗೆ ಸಿಗದಂತೆ ಪೆಟ್ಟಿಗೆಗೆ ಅಗುಳಿ ಹಾಕಿತ್ತು. ಅಗುಳಿ ಸವೆದಾಗಲೆಲ್ಲ ಆ ಸರ ನೋಡಿ ಹೊಸ ಅಗುಳಿ ಮಾಡುತ್ತಿತ್ತು. ನೀಲವ್ವ ಅದರ ಹತ್ತಿರ ಹೋದಳು.

"ವೈರಾಣು ತಮ್ಮಾ, ಅಗುಳಿ ತೆಗಿ. ಅಗುಳಿ ಸರಿದರ ಪೆಟ್ಟಿಗೆ ತೆರೀತೈತಿ. ಪೆಟ್ಟಿಗೆ ತೆರೆದರ ಭರಮಣ್ಣ ಮಣಿ ಕೊಡ್ತಾನ. ಮಣಿ ಸಿಕ್ಕರ ಗಂಗಿ ಗಂಜಿ ಕುಡೀತಾಳ."

"ಹೋಗ ಮುದುಕಿ! ಎಲ್ಲಾ ಮಣಿ ನನಗ!"

ನೀಲವ್ವನಿಗೆ ಅಳು ಬಂತು. ಆದರೂ ಅವಳ ಕಣ್ಣು ಆ ಸರದ ಮೇಲೆ ಬಿತ್ತು. ಕೆಂಪು ಮಣಿ ಇರಬೇಕಾದಲ್ಲಿ ಹಳದಿ ಮಣಿ! ಪಾಪ ಅನ್ನಿಸಿತು.

"ತಮ್ಮಾ, ಒಂದು ಮಣಿ ತಪ್ಪೈತಿ. ತಿರುಗಿ ಮುಟ್ಟಿ ನೋಡಪ್ಪಾ."

"ತಿರುಗಿ ನೋಡಾಕ ಪುರುಸೊತ್ತು ಯಾರಿಗೈತಿ?"

ಅಷ್ಟರಲ್ಲಿ ಹಳೆಯ ಅಗುಳಿ ಸವೆದು ಬಿತ್ತು. ವೈರಾಣು ಆ ತಪ್ಪು ಸರ ನೋಡಿ ಹೊಸದು ಮಾಡಿತು.

ಮಣಿ ತಪ್ಪಿತ್ತು, ಅಗುಳಿ ಡೊಂಕಾಯಿತು. ಅಗುಳಿ ಡೊಂಕಾಯಿತು, ಪೆಟ್ಟಿಗೆಗೆ ಕೂರಲಿಲ್ಲ. ಅಗುಳಿ ಕೂರಲಿಲ್ಲ, ಪೆಟ್ಟಿಗೆ ತೆರೆಯಿತು. ಪೆಟ್ಟಿಗೆ ತೆರೆಯಿತು, ಭರಮಣ್ಣ ಮಣಿ ಕೊಟ್ಟ. ಭರಮಣ್ಣ ಮಣಿ ಕೊಟ್ಟ, ನೀಲವ್ವ ಪೋಣಿಸಿದಳು. ಒಂದು ಮಣಿ. "ಶಿವಾ." ಮುಟ್ಟಿ ನೋಡಿದಳು. ಇನ್ನೊಂದು ಮಣಿ. "ಶಿವಾ." ಮುಟ್ಟಿ ನೋಡಿದಳು.

ಸರ ಎರಡಾಯಿತು. ಮನೆ ಎರಡಾಯಿತು. ಗಾಯ ಮುಚ್ಚಿತು. ಗಂಗಿ ಗಟಗಟ ಗಂಜಿ ಕುಡಿದಳು.

"ಯವ್ವಾ, ಇನ್ನೊಂದೀಟು ಹಾಕು!"

ಕಥೆ ಕೇಳಿದ ಕಂದಗಳಿರಾ, ನಿಮ್ಮ ಗಂಟಲು ತಣ್ಣಗಿರಲಿ, ಹೊಟ್ಟೆ ತುಂಬಿರಲಿ. ನೀಲವ್ವ ಮಣಿ ಮುಟ್ಟಿದ ಹಾಗೆ, ಶಿವ ನಿಮ್ಮನ್ನು ಒಬ್ಬೊಬ್ಬರನ್ನೂ ಮುಟ್ಟಿ ಕಾಯಲಿ.