ದ್ವೀಪದ ಉಗ್ರಾಣ

ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಅಧಿಕಾರಿಯಾಗಿದ್ದ ವಿರೂಪಾಕ್ಷ ಗುರುಗಳನ್ನು ಕೇಳಿದ: "ಗುರುಗಳೇ, ನಾಳೆ ಒಂದು ದೊಡ್ಡ ಸಾಲಕ್ಕೆ ಸಹಿ ಹಾಕಬೇಕು. ಸಾವಿರಾರು ಜನ ನಂಬಿ ಇಟ್ಟ ಠೇವಣಿ ಅದು. ಸಾಲ ಕೇಳಿದ ಕಂಪನಿಯ ಸರಕೆಲ್ಲ ಕಡಲಾಚೆ, ಅದರ ಅಂಗಸಂಸ್ಥೆಯಲ್ಲಿದೆ. ನಾನೇ ಹೋಗಿ ನೋಡಿ ಬಂದೆ. ಕಣ್ಣಾರೆ ಕಂಡದ್ದನ್ನು ನಂಬಬಹುದಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಬಳಿ ನೂರು ಮೂಟೆ ಮೆಣಸಿತ್ತು. ಅದನ್ನು ತೋರಿಸಿ ಊರ ಸಾಹುಕಾರನಿಂದ ಸಾಲ ಪಡೆದ. ಸಾಹುಕಾರನ ಪೆಟ್ಟಿಗೆಯಲ್ಲಿದ್ದದ್ದು ಊರವರ ಹಣ. ಆ ಸಾಲ ಸಾಕಾಗಲಿಲ್ಲ. ವರ್ತಕ ಎದುರಿನ ದ್ವೀಪದಲ್ಲಿ ಬಾವಮೈದುನನ ಹೆಸರಿನಲ್ಲಿ ಉಗ್ರಾಣ ತೆರೆದ. ಅಲ್ಲಿಯೂ ನೂರು ಮೂಟೆ ಇದೆಯೆಂದು ಹೇಳಿ ಅದರ ಮೇಲೂ ಸಾಲ ಕೇಳಿದ.

ಸಾಹುಕಾರ ದಡ್ಡನಲ್ಲ. ನೋಡಿ ಬರಲು ಗುಮಾಸ್ತನನ್ನು ಕಳುಹಿಸಿದ. ಗುಮಾಸ್ತ ಪ್ರಾಮಾಣಿಕ, ಆದರೆ ಉಪಚಾರಕ್ಕೆ ಸೋಲುವವನು. ಬೆಳಿಗ್ಗೆ ಊರಿನ ಮೂಟೆಗಳನ್ನು ಎಣಿಸಿದ. ವರ್ತಕ ಹೋಳಿಗೆ ಊಟ ಹಾಕಿಸಿದ. ಉಂಡು, ಒಂದು ನಿದ್ದೆ ತೆಗೆದು ಎದ್ದವನನ್ನು ತನ್ನ ದೋಣಿಯಲ್ಲೇ ಮೆತ್ತೆ ಹಾಸಿ ಕೂರಿಸಿ ದ್ವೀಪಕ್ಕೆ ಕಳುಹಿಸಿದ. ಅಲ್ಲಿ ಬಾವಮೈದುನ ಎಳನೀರು ಕೊಟ್ಟು ಮಾತಿಗೆಳೆದ. ಆಮೇಲೆ ಉಗ್ರಾಣ ತೋರಿಸಿದ. ನೂರು ಮೂಟೆ, ಒಂದೂ ಕಡಿಮೆಯಿಲ್ಲ. ಗುಮಾಸ್ತ ಸರಿಯಿದೆಯೆಂದು ಬರೆದುಕೊಟ್ಟ. ಎರಡು ವರ್ಷ ಹೀಗೇ ಸುಖವಾಗಿ ನಡೆಯಿತು.

ಮೂರನೆಯ ವರ್ಷ ವರ್ತಕ ಇಮ್ಮಡಿ ಸಾಲ ಕೇಳಿದ. ಕೊಟ್ಟರೆ ಊರವರ ಪೆಟ್ಟಿಗೆ ಬರಿದಾಗುತ್ತಿತ್ತು. ಅಂದು ಗುಮಾಸ್ತನ ತಂಗಿಯ ಮನೆಯಲ್ಲಿ ನಾಮಕರಣ. ಅವನಿಗೆ ಅವಸರ. ಊರಿನ ಮೂಟೆಗಳನ್ನು ಬೇಗಬೇಗ ಎಣಿಸಿ ಮುಗಿಸಿದ. ವರ್ತಕ ಇನ್ನೂ ಹೋಳಿಗೆಯ ಗಡಿಬಿಡಿಯಲ್ಲಿದ್ದಾಗಲೇ, ಮೀನು ಮಾರಿ ದ್ವೀಪಕ್ಕೆ ಮರಳುತ್ತಿದ್ದ ಹೆಂಗಸಿನ ದೋಣಿ ಹತ್ತಿಬಿಟ್ಟ.

ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಕಾವಲುಗಾರ ಕೈಮುಗಿದು ಹೇಳಿದ: "ಇವತ್ತು ಬೇಗ ಬಂದ್ರಲ್ಲ, ಒಡೆಯಾ. ಮೆಣಸು ಇನ್ನೂ ಬರಲಿಲ್ಲ. ಯಾವಾಗ್ಲೂ ನೀವು ಬರೋ ದೋಣೀಲೇ ಅದೂ ಬರ್ತಿತ್ತಲ್ಲ."

ಎರಡು ವರ್ಷ ತಾನು ಕೂತಿದ್ದ ಮೆತ್ತೆಯ ಕೆಳಗೆ ಏನಿತ್ತೆಂದು ಗುಮಾಸ್ತನಿಗೆ ತಿಳಿಯಿತು. ಬಹಳ ನಾಚಿಕೆಯಾಯಿತು. ಆದರೂ ಮುಚ್ಚಿಡದೆ ಎಲ್ಲವನ್ನೂ ಸಾಹುಕಾರನಿಗೆ ಹೇಳಿದ. ಸಾಲ ನಿಂತಿತು, ಊರವರ ಹಣ ಉಳಿಯಿತು. ಅವನಿಗೆ ನಾಮಕರಣದ ಊಟವೂ ತಪ್ಪಲಿಲ್ಲ.

ಕತೆ ಕೇಳಿ ವಿರೂಪಾಕ್ಷ ನಿರಾಳವಾಗಿ ನಕ್ಕ. "ಗುಮಾಸ್ತ ಶುದ್ಧ ಪೆದ್ದ, ಗುರುಗಳೇ. ನಾನು ಯಾರ ದೋಣಿಯನ್ನೂ ಹತ್ತಲಿಲ್ಲ. ವಿಮಾನದಲ್ಲಿ ಹೋಗಿ ಬಂದೆ."

ಗುರುಗಳು ಕೇಳಿದರು: "ಟಿಕೆಟ್ ತೆಗೆಸಿಕೊಟ್ಟವರು ಯಾರು?"