ಜ್ವರದ ಪತ್ರ

“ಬುದ್ಧಿ, ಮಕ್ಕಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಬರುವುದಿಲ್ಲ. ನೋಟ್‌ಬುಕ್ ಮುಂದಿಟ್ಟುಕೊಂಡು ಅಳುತ್ತಾರೆ. ನೋಡಲಾರದೆ ನಾನೇ ಹೇಳಿ ಬರೆಸುತ್ತೇನೆ. ಇದು ತಪ್ಪೇ?”

ಕೇಳಿದವನು ಗುರುಮಲ್ಲ. ಮಠದ ವಿದ್ಯಾರ್ಥಿನಿಲಯದಲ್ಲಿ ಊರು, ಮನೆ ಬಿಟ್ಟು ಬಂದ ಮಕ್ಕಳಿದ್ದರು. ಅವರ ಹೋಂವರ್ಕ್ ನೋಡಿಕೊಳ್ಳುವುದು ಅವನ ಪಾಲಿಗೆ ಬಂದ ಸೇವೆ.

ಗುರುಗಳು ಹೇಳಿದರು: “ನೀನು ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಒಳ್ಳೆಯವನಿಗೆ ಹೇಳುವುದೇ ಕಷ್ಟ. ಕೂತುಕೋ. ಒಂದು ಕತೆ ಇದೆ. ನಡುನಡುವೆ ಕೋಲೆ ಬಸವನ ಹಾಗೆ ತಲೆ ಆಡಿಸಬೇಡ, ನನಗೆ ಕತೆ ಮರೆತುಹೋಗುತ್ತದೆ.”

ಒಂದು ಊರಿನಲ್ಲಿ ಒಬ್ಬ ಟೀಚರಮ್ಮ ಇದ್ದಳು. ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಬಲು ಮೆದು ಮನಸ್ಸು. ಮಗು ಪೆನ್ನು ಕಚ್ಚಿಕೊಂಡು ಕೂತರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಪದ್ಯದ ಸಾರಾಂಶ ಬೇಕೆಂದರೆ ತಾನೇ ಹೇಳಿ ಬರೆಸುವಳು. ರಜೆಯ ಪತ್ರಕ್ಕೆ ಒಂದೇ ಮಾದರಿ. ನನಗೆ ಜ್ವರ ಬಂದಿದೆ, ಶಾಲೆಗೆ ಬರಲಾರೆ, ದಯವಿಟ್ಟು ರಜೆ ಕೊಡಿ. ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಎಲ್ಲರಿಗೂ ಒಳ್ಳೆಯ ಮಾರ್ಕ್ಸ್ ಬಂತು. ಯಾರಿಗೆ ಏನು ನಷ್ಟ, ನೀನೇ ಹೇಳು.

ಅಲ್ಲಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಅಪ್ಪ ಇಲ್ಲ. ಅವ್ವ ಗಾರೆ ಕೆಲಸದಲ್ಲಿ ಇಟ್ಟಿಗೆ ಹೊರುವವಳು. ಒಂದು ದಿನ ಅವ್ವ ಮೆಟ್ಟಿಲಿನಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಳು. ಹುಡುಗಿ ಮನೆಯಲ್ಲೇ ಉಳಿದಳು. ಆ ಶಾಲೆಯಲ್ಲಿ ರಜೆಯ ಪತ್ರ ಇಂಗ್ಲಿಷಿನಲ್ಲೇ ಇರಬೇಕು. ಅವಳು ತನಗೆ ಜ್ವರವೆಂದು ಬರೆದು ಪಕ್ಕದ ಮನೆಯವರ ಕೈಲಿ ಕಳಿಸಿದಳು. ಮುಂದಿನ ವಾರವೂ ಜ್ವರ. ಅದರ ಮುಂದಿನ ವಾರವೂ ಜ್ವರ.

ಆ ದಿನಗಳಲ್ಲೇ ಹೆಡ್ ಮೇಡಂ ಅವಳನ್ನು ಬೀದಿ ನಲ್ಲಿಯ ಹತ್ತಿರ ಕಂಡರು. ತುಂಬಿದ ಕೊಡ ಹೊತ್ತು ಸರಸರ ನಡೆಯುತ್ತಿದ್ದಳು. ಮೇಡಂಗೆ ರೇಗಿಹೋಯಿತು. ಸುಳ್ಳು ಹೇಳುವವರು ನಮ್ಮ ಶಾಲೆಗೆ ಬೇಡ, ಹೆಸರು ತೆಗೆದುಹಾಕುತ್ತೇನೆ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಹೆಸರು ಹೋದರೆ ಆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಮರುದಿನದಿಂದ ಅವ್ವನ ಇಟ್ಟಿಗೆ ಬುಟ್ಟಿ ಅವಳ ತಲೆಗೆ.

ಸುದ್ದಿ ಟೀಚರಮ್ಮನ ಕಿವಿಗೆ ಬಿತ್ತು. ನನ್ನ ಹತ್ತಿರ ಕಲಿತವಳು ಹೀಗೆ ಮಾಡಿದಳಲ್ಲ ಎಂದು ಸಿಟ್ಟಿನಿಂದಲೇ ಆ ಮನೆಗೆ ಹೋದಳು. ಅವ್ವ ಚಾಪೆಯ ಮೇಲೆ ಮಲಗಿದ್ದಳು. ಹುಡುಗಿ ಅವಳ ತಲೆ ಎತ್ತಿ ಹಿಡಿದು ಗಂಜಿ ಕುಡಿಸುತ್ತಿದ್ದಳು. ಟೀಚರಮ್ಮನ ಸಿಟ್ಟು ಹೊಸ್ತಿಲಲ್ಲೇ ಇಳಿಯಿತು.

“ಇಷ್ಟು ಕಷ್ಟ ಇಟ್ಟುಕೊಂಡು ಜ್ವರ ಅಂತ ಯಾಕೆ ಬರೆದೆ ಮಗಳೇ? ಇದ್ದದ್ದನ್ನು ಬರೆಯಬಾರದಿತ್ತೆ?”

“ಅವ್ವ ಬಿದ್ದರೆ ಏನು ಬರೀಬೇಕು ಅಂತ ನೀವು ಹೇಳಿಕೊಟ್ಟಿಲ್ಲವಲ್ಲ ಮಿಸ್. ನನಗೆ ಜ್ವರದ್ದು ಮಾತ್ರ ಬರುತ್ತೆ.”

ಅವಳು ಕುಚೋದ್ಯಕ್ಕೆ ಹೇಳಲಿಲ್ಲ. ನಿಜವಾಗಿಯೂ ಹಾಗೆಯೇ ತಿಳಿದಿದ್ದಳು. ಹಿಂದಿನ ತಿಂಗಳಷ್ಟೇ ತಾಯಿಯ ಮಮತೆಯ ಮೇಲಿನ ಪದ್ಯಕ್ಕೆ ಚಂದದ ಸಾರಾಂಶ ಬರೆದು ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ತೆಗೆದವಳು ಅವಳು. ಅದನ್ನು ಬರೆಸಿದವಳು ಟೀಚರಮ್ಮನೇ. ಟೀಚರಮ್ಮನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಚಾಪೆಯ ಪಕ್ಕದಲ್ಲೇ ಕೂತಳು. ಏನಾಯಿತೋ ಅದನ್ನು ಮೊದಲು ನಿನ್ನ ಮಾತಿನಲ್ಲಿ ಹೇಳು ಎಂದಳು. ಹುಡುಗಿ ಹೇಳಿದಳು. ಈಗ ಅದನ್ನೇ ಇಂಗ್ಲಿಷಿನಲ್ಲಿ ಬರೆ ಎಂದಳು. ಹುಡುಗಿ ತಡೆದು ತಡೆದು ಬರೆದಳು. ಟೀಚರಮ್ಮ ಕೇಳಿದ ಪದ ಕೊಟ್ಟಳು, ಕೇಳದ್ದನ್ನು ಕೊಡಲಿಲ್ಲ. ಅವಳ ಕೈ ಮಾತ್ರ ಪೆನ್ನಿನ ಕಡೆಗೇ ಹೋಗುತ್ತಿತ್ತು. ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡು ಕೂತಳು ಪಾಪ.

ಪತ್ರ ಇಷ್ಟೇ. ನನ್ನ ಅವ್ವ ಬಿದ್ದಿದ್ದಾಳೆ. ಏಳಲು ಆಗುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ. ಅವಳು ಎದ್ದ ದಿನ ಬರುತ್ತೇನೆ. ನನ್ನ ಹೆಸರು ತೆಗೆಯಬೇಡಿ.

ಅದರ ತುಂಬ ತಪ್ಪುಗಳಿದ್ದವು. ಹೆಡ್ ಮೇಡಂ ಓದಿದರು, ಕೆಂಪು ಪೆನ್ನು ಮುಟ್ಟಲಿಲ್ಲ. ಸಂಜೆ ತಾವೇ ಆ ಮನೆಗೆ ಹೋಗಿ ತಾಯಿಯನ್ನು ಮಾತಾಡಿಸಿ ಬಂದರು. ಹುಡುಗಿಯ ಹೆಸರು ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲನಿಗೆ ನೆಮ್ಮದಿಯಾಯಿತು.

“ನಮ್ಮ ಮಕ್ಕಳಿಗೆ ಆ ಗತಿ ಬರುವುದಿಲ್ಲ ಬುದ್ಧಿ. ನಾನು ಜ್ವರದ್ದೊಂದೇ ಹೇಳಿಕೊಟ್ಟಿಲ್ಲ. ಪ್ರವಾಸದ್ದು, ಅಕ್ಕನ ಮದುವೆಯದ್ದು, ಪುಸ್ತಕ ತರಿಸುವುದು, ಊರಲ್ಲಿರುವ ತಾಯಿಗೆ ಬರೆಯುವುದು, ಎಲ್ಲ ಪತ್ರಗಳನ್ನೂ ಬಾಯಿಪಾಠ ಮಾಡಿಸಿದ್ದೇನೆ.”

ಗುರುಗಳು ಅವನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಕೇಳಿದರು: “ನೀನು ಬರೆಸಿದ ಆ ಪತ್ರದಲ್ಲಿರುವ ತಾಯಿ, ಅಷ್ಟು ಮಕ್ಕಳಲ್ಲಿ ಯಾರ ತಾಯಿ?”